ಹೊರಗಿನ ಬೆಂಚು

ನಮ್ಮನೆಯವರು ಇಂದ್ರೇಶ್, ಹಗರೆಯವರು. ಪಿಯುಸಿ ಮುಗಿಸಿ ಮಿಲಿಟರಿ ಸೇರಿದೋರು ಹವಾಲ್ದಾರರಾಗಿ ರಿಟೈರಾಗಿ ಬಂದ್ರು. ಇನ್ನು ತೋಟ ನೋಡ್ಕೊಂಡು, ಡೈರಿಗೆ ಹಾಲು ಹಾಕ್ಕೊಂಡು ನೆಮ್ಮದಿಯಾಗಿರ್ತಾರೆ ಅಂತ ನಾನು ಕನಸು ಕಂಡಿದ್ದೆ. ಎಲ್ಲಿಯ ನೆಮ್ಮದಿ! ತೋಟದಲ್ಲಿ ತೆಂಗಿನಕಾಯಿ ದೊಪ್ಪನೆ ಬಿದ್ರೆ ನೆಲಕ್ಕೆ ಬೋರಲು ಮಲಗಿಬಿಡೋರು. ನಿದ್ದೆ ಇಲ್ಲ, ಊಟ ಸೇರೋದಿಲ್ಲ. ಮನುಷ್ಯ ಕಣ್ಣೆದುರೇ ಸೊರಗ್ತಾ ಇದ್ರೆ ಸುಮ್ಮನೆ ನೋಡ್ಕೊಂಡಿರೋಕಾಗುತ್ತಾ? ನನಗಂತೂ ಜೀವದಲ್ಲಿ ಜೀವ ಇರ್ಲಿಲ್ಲ.

ಕಾಡಿ ಬೇಡಿ ಬೇಲೂರಲ್ಲಿ ಒಬ್ಬರು ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ನಮ್ಮ ಕಡೆ ಗೊತ್ತಲ್ಲ, ಕಾಯಿಲೆಯವರಿಗಿಂತ ಜೊತೆಗೆ ಹೋದವರದ್ದೇ ಬಾಯಿ ಜೋರು. ನಾನು, ನಮ್ಮತ್ತೆ ಶಿವಗಂಗಮ್ಮ, ಮೈದುನ ಶಶಿಧರ್ ಮೂವರೂ ಒಳಗೆ ನುಗ್ಗಿದ್ವಿ. ಡಾಕ್ಟರು ಇವರನ್ನ ಕೇಳಿದ್ದಕ್ಕೆಲ್ಲ ನಾವೇ ಉತ್ತರ ಕೊಟ್ವಿ. ಮಾತಾಡ್ತಾ ತಿರುಗಿ ನೋಡ್ತೀನಿ, ಇವರೇ ಇಲ್ಲ! ಎದ್ದು ಹೋಗಿ ಬಸ್‌ಸ್ಟ್ಯಾಂಡಲ್ಲಿ ಕೂತಿದ್ರು. ‘ಇನ್ನು ಯಾವ ಡಾಕ್ಟರೂ ಬೇಡ, ಬಿಟ್ಬಿಡೇ’ ಅಂದ್ರು.

ಬಿಡೋಳಾ ನಾನು? ಅರಸೀಕೆರೇಲಿ ಗಾನವಿ ಅಂತ ಆಪ್ತಸಲಹೆಗಾರ್ತಿ ಇದ್ದಾರೆ, ಅಲ್ಲಿ ನಮ್ಮೂರೋರು ಯಾರೂ ನೋಡಲ್ಲ ಅಂದಮೇಲೆ ಒಪ್ಪಿದ್ರು. ಇದೇ ಕೊನೆ ಅಂತ ಷರತ್ತು ಬೇರೆ. ಈ ಸಲ ನಾವಿಬ್ಬರೇ ಹೋದ್ವಿ. ಆ ಹುಡುಗಿ ಮೊದಲು ಕೇಳಿದ್ದೇ, ‘ಸರ್, ನಿಮಗೆ ಹೇಗೆ ಅನುಕೂಲ?’

ಇವರು ಬಾಗಿಲ ಕಡೆ ಮುಖ ಮಾಡಿ ಕೂತ್ರು. ‘ಬಾಗಿಲು ತೆಗೆದೇ ಇರ್ಲಿ. ಮಾತ್ರೆಗೆ ಅಂತ ಡಾಕ್ಟರ ಹತ್ತಿರ ಈಗಲೇ ಕಳಿಸ್ಬೇಡಿ, ಮೊದಲು ಮಾತಾಡ್ತೀನಿ. ಇವಳು ಹೊರಗಿರ್ಲಿ.’

ಎದೆಗೆ ಒದ್ದಂಗಾಯ್ತು ನನಗೆ. ‘ಯಾಕ್ರೀ? ನಾನೇನು ಬೇರೆಯವಳಾ?’

‘ಮಿಲಿಟರೀಲಿ ಆದದ್ದನ್ನೆಲ್ಲ ಕೇಳಿಸ್ಕೊಂಡ್ರೆ ನೀನು ನನ್ನ ಬೇರೆ ಥರ ನೋಡ್ತೀಯ ಕಣೇ. ಮನೇಲಾದ್ರೂ ನಾನು ಮೊದಲಿನ ಇಂದ್ರೇಶನಾಗೇ ಇರ್ಬೇಕು.’

ಹೊರಗೆ ಬೆಂಚಿನ ಮೇಲೆ ಕೂತು ಕಣ್ಣೊರೆಸ್ಕೊಂಡೆ. ಸಿಟ್ಟೂ ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ. ಅಷ್ಟರಲ್ಲಿ ತೆಗೆದ ಬಾಗಿಲಿಂದ ಇವರ ದನಿ ಬಂತು. ‘ಅವತ್ತು ಬೆಳಿಗ್ಗೆ ನಾವು ಗಸ್ತಿಗೆ ಹೊರಟಾಗ...’ ಅಲ್ಲಿ ಏನಾಯ್ತು ಹೇಳ್ರೀ ಅಂತ ನಾನು ಕೇಳಿ ಕೇಳಿ ಸಾಕಾಗಿದ್ದ ಮಾತು, ನನ್ನ ಹತ್ತಿರ ಯಾವತ್ತೂ ಬಾಯಿ ಬಿಡದ ಮಾತು! ಮೈಯೆಲ್ಲ ಕಿವಿಯಾಯ್ತು. ಆಮೇಲೆ ಎದ್ದೆ. ಏನೂ ಕೇಳಿಸದಷ್ಟು ದೂರ, ರಸ್ತೆಯಾಚೆ ಎಳನೀರು ಗಾಡಿ ಹತ್ತಿರ ಹೋಗಿ ನಿಂತೆ.

ಬಿಸಿಲೇರಿದ ಮೇಲೆ ಹೊರಗೆ ಬಂದ್ರು. ಬೆಂಚು ಖಾಲಿ. ತೆಗೆದಿದ್ದ ಬಾಗಿಲ ಕಡೆ ಒಂದ್ಸಲ ನೋಡಿ, ರಸ್ತೆಯಾಚೆ ನಿಂತಿದ್ದ ನನ್ನ ಕಡೆ ನೋಡಿದ್ರು. ಆಮೇಲೆ ದಾಟಿ ಬಂದು, ‘ಮುಂದಿನ ವಾರಾನೂ ಬತ್ತೀನಿ ಅಂದೆ’ ಅಂದ್ರು.

ಏನೇನು ಹೇಳಿದ್ರಿ ಅನ್ನೋದು ನಾಲಿಗೆ ತುದೀಲಿತ್ತು.

‘ಎಳನೀರು ಕುಡೀತೀರಾ?’ ಅಂದೆ.