ನನ್ನ ಲ್ಯಾಪ್‌ಟಾಪಿಗೆ ವಯಸ್ಸಾಯಿತಂತೆ

ಸಿಟ್ಟು ಬಂದರೆ ನಾನು ಪಾತ್ರೆ ಕುಕ್ಕುವವಳಲ್ಲ, ಹಟ ಹಿಡಿಯುವವಳು. ಈ ಸಲ ಸಿಟ್ಟು ತರಿಸಿದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದ ಒಂದು ವಿನಯದ ಸೂಚನೆ. ನಿಮ್ಮ ಯಂತ್ರ ಹಳೆಯದು, ಹೊಸ ಆವೃತ್ತಿ ಇದರಲ್ಲಿ ಓಡದು, ಬೇರೆ ಕೊಳ್ಳಿ ಎಂದಿತ್ತು. ಮಂಡಿನೋವು, ಕನ್ನಡಕ, ನರೆಗೂದಲು ಎಲ್ಲವೂ ಇರುವ ನಾನು ಅದನ್ನು ನನ್ನ ಬಗ್ಗೆಯೇ ಬರೆದದ್ದೆಂದು ಓದಿಕೊಂಡೆ.

ಎಮಿರೇಟ್ಸಿನ ಅಲ್ ಬರ್ಷಾದಲ್ಲಿರುವ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಪಾಠದ ಹಾಳೆಗಳನ್ನು ಟೈಪಿಸುವುದು, ಪ್ರಿಂಟ್ ತೆಗೆಯುವುದು ಎಲ್ಲ ನಾನೇ. ಅದೇ ವಾರ ಒಬ್ಬ ಹುಡುಗನ ತಾಯಿ, ಇಲ್ಲೇ ಹುಟ್ಟಿ ಬೆಳೆದ ಶ್ವೇತಾ, ಈಗ ಕನ್ನಡಕ್ಕೂ ಆಪ್ ಬಂದಿದೆ, ನಿಮಗೇಕೆ ಸುಮ್ಮನೆ ಶ್ರಮ ಎಂದಿದ್ದಳು. ಉಳಿದ ತಾಯಂದಿರೂ ತಲೆಯಾಡಿಸಿದ್ದರು. ಒಂದು ಶನಿವಾರ ತಪ್ಪಿದರೆ ತರಗತಿ ಮುಚ್ಚಿದಂತೆಯೇ ಎಂದು ನನಗೆ ಗೊತ್ತಾಯಿತು. ಯಂತ್ರವೂ ಹಳೆಯದು, ಟೀಚರೂ ಹಳೆಯವಳು. ಇಬ್ಬರೂ ಜಾಗ ಖಾಲಿ ಮಾಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ನನ್ನವರ ಸಹೋದ್ಯೋಗಿ, ಉಪ್ಪಿನಂಗಡಿ ಕಡೆಯ ಶರೀಫ್, ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. ಹಳೆಯ ಯಂತ್ರದಲ್ಲೂ ಓಡುತ್ತದಂತೆ, ಕಾಸು ಕೊಡಬೇಕಿಲ್ಲವಂತೆ. "ಎಂತ ಹೆದರ್ಲಿಕ್ಕಿಲ್ಲ ಅಕ್ಕ, ಅದು ಕೇಳಿದ್ದಕ್ಕೆ ಉತ್ತರ ಕೊಟ್ರೆ ಆಯ್ತು" ಎಂದು ಹೇಳಿ ಹೋದರು. ಅದು ಕೇಳಿತು, ನಾನು ಉತ್ತರಿಸಿದೆ. ಯಾವ ದೇಶ ಎಂದಾಗ ಸುಳ್ಳೇಕೆಂದು ಎಮಿರೇಟ್ಸ್ ಎಂದೆ.

ಹೊಸ ವ್ಯವಸ್ಥೆಯೆಂದರೆ ಬೇರೆಯವರ ಅಡುಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಹುಡುಕಿದ ಹಾಗೆ. ಎಲ್ಲವೂ ಇದೆ, ಇರಬೇಕಾದ ಕಡೆ ಇಲ್ಲ. ಓಲೆಗರಿ ಸೀಳಬಾರದೆಂದೇ ನಮ್ಮ ಅಕ್ಷರಗಳು ದುಂಡಗಾದವು ಎನ್ನುತ್ತಾರೆ. ಗರಿ ಹೋಗಿ ಕಾಗದ ಬಂದಾಗಲೂ ಯಾವನೋ ಮುದಿ ಲಿಪಿಕಾರ ನನ್ನಂತೆಯೇ ಗೊಣಗಿರಬೇಕು. ಅಂತೂ ಪಾಠಗಳನ್ನೆಲ್ಲ ಅದಕ್ಕೆ ತುಂಬಿಸಿ, ಬೀಗುತ್ತಾ ಮುಚ್ಚಿಟ್ಟೆ.

ಮರುದಿನ ಶುಕ್ರವಾರ. ತೆರೆದರೆ ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ನನ್ನ ಊರು ನಂಜನಗೂಡಿನ ಹೆಸರನ್ನೇ ಇಟ್ಟಿದ್ದೆ, ಹುಟ್ಟಿದೂರನ್ನು ಮರೆಯುವಷ್ಟು ವಯಸ್ಸು ಇನ್ನೂ ಆಗಿಲ್ಲ. ಮತ್ತೆ ಒತ್ತಿದೆ, ಮತ್ತೆ ತಪ್ಪು. ಪಾಠಗಳೆಲ್ಲ ಒಳಗೆ, ನಾನು ಹೊರಗೆ. ದೂರದ ಬನಿಯಾಸ್‌ನಲ್ಲಿ ಕೆಲಸದ ಸೈಟಿನಲ್ಲಿದ್ದ ಶರೀಫ್ ಫೋನಿನಲ್ಲಿ, ಭಾನುವಾರ ಬಂದು ಎಲ್ಲ ಒರೆಸಿ ಹೊಸದಾಗಿ ಹಾಕುವ ಎಂದರು. ಮಗಳು ಮೊಬೈಲಿನಿಂದ ತಲೆಯೆತ್ತದೆ, "ಅಮ್ಮಾ, ಜಸ್ಟ್ ಗಿವ್ ಅಪ್" ಎಂದಳು. ನನಗೆ ಅಳು ಬಂತು. ಅಳುತ್ತಲೇ, ಇಲ್ಲ, ಬಿಡುವುದಿಲ್ಲ ಎಂದುಕೊಂಡೆ.

ಮೊದಲ ದಿನ ಹೇಗೆ ಒತ್ತಿದ್ದೆನೋ ಹಾಗೆಯೇ ಒತ್ತಿ ನೋಡೋಣವೆಂದು, ನನ್ನ ಬೆರಳುಗಳನ್ನು ನಾನೇ ಕಾವಲು ಕಾಯುತ್ತಾ ಕೂತೆ. ಆಗ ಕಳ್ಳತನ ಬಯಲಾಯಿತು. ಇಂಗ್ಲಿಷಿನಲ್ಲಿ ಹೆಸರು ಬರೆದ ಕೂಡಲೇ ಕನ್ನಡಕ್ಕೆ ಹೊರಳಲು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುವುದು ನನ್ನ ಎಷ್ಟೋ ವರ್ಷಗಳ ಚಾಳಿ. ದೇಶ ಎಮಿರೇಟ್ಸ್ ಎಂದು ತಿಳಿದಿದ್ದ ಹೊಸ ವ್ಯವಸ್ಥೆ ಆ ಕೀಲಿಗಳಿಗೆ ಅರಬ್ಬಿಗೆ ಹೊರಳಿ, ಪಾಸ್‌ವರ್ಡನ್ನು ಅದರಲ್ಲೇ ಬರೆದುಕೊಂಡಿತ್ತು. ಈಗ ಅದು ಹೆಸರು ಕೇಳದೆ ಬರೀ ಪಾಸ್‌ವರ್ಡ್ ಕೇಳುತ್ತಿದ್ದುದರಿಂದ ನನ್ನ ಬೆರಳು ಆ ಕೀಲಿಗಳತ್ತ ಹೋಗಿರಲಿಲ್ಲ. ಪಾಸ್‌ವರ್ಡಿನ ಜಾಗದಲ್ಲಿ ಕಾಣುವುದು ಬರೀ ಚುಕ್ಕೆ, ನನಗೆ ಹೇಗೆ ತಿಳಿಯಬೇಕು? ಯಲ್ಲಾ, ಖಲಾಸ್ ಎಂಬೆರಡು ಮಾತು ಬಿಟ್ಟು ಅರಬ್ಬಿ ಬಾರದ ನಾನು, ಓದಲಾಗದ ಅಕ್ಷರಗಳಿಂದ ನನ್ನ ಮನೆಗೆ ಬೀಗ ಹಾಕಿಕೊಂಡಿದ್ದೆ. ಕೀಲಿ ಜೋಡಿ ಒತ್ತಿ, ನಂಜನಗೂಡು ಎಂದು ಕುಟ್ಟಿದೆ. ಬಾಗಿಲು ತೆರೆಯಿತು. ಪಾಸ್‌ವರ್ಡ್ ಬದಲಿಸು ಎಂದು ಮಗಳು ಎಷ್ಟು ಹೇಳಿದರೂ ಬದಲಿಸಿಲ್ಲ. ಕಷ್ಟಪಟ್ಟು ಗೆದ್ದದ್ದನ್ನು ಬಿಟ್ಟುಕೊಡಲು ನನಗೇನು ಹುಚ್ಚೇ?

ಶನಿವಾರ ಹಾಳೆಗಳು ಸಿದ್ಧವಿದ್ದವು. ಮಗನನ್ನು ಬಿಡಲು ಬಂದ ಶ್ವೇತಾ ಮಾತ್ರ ಹೊರಡಲಿಲ್ಲ. ಚಪ್ಪಲಿ ಬಿಟ್ಟವಳು ಬಾಗಿಲಲ್ಲೇ ನಿಂತಿದ್ದಳು. ವಾದಕ್ಕೆ ಬಂದಿದ್ದಾಳೆಂದು ನಾನೂ ಟೊಂಕ ಕಟ್ಟಿದೆ. ಅವಳು ಮೆಲ್ಲಗೆ, "ಆಂಟಿ, ಆಪ್‌ನಲ್ಲಿ ನಾನೂ ಟ್ರೈ ಮಾಡ್ದೆ, ಆಗ್ಲಿಲ್ಲ. ನಂಗೆ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಇವ್ರ ಜೊತೆ ನಾನೂ ಕೂತ್ಕೋಬಹುದಾ?" ಎಂದಳು.

ಅವಳ ಮಗನ ಪಕ್ಕ ಜಾಗ ಮಾಡಿ, ಪೆನ್ಸಿಲ್ ಕೊಟ್ಟೆ.

"ಮೊದಲನೇ ವಾರ ಸಿಕ್ಕಾಪಟ್ಟೆ ಸಿಟ್ಟು ಬರುತ್ತೆ ಶ್ವೇತಾ, ಅಳುವೂ ಬರುತ್ತೆ" ಎಂದೆ. "ಅಳ್ತಾನೇ ಬರಿ. ಎದ್ದು ಮಾತ್ರ ಹೋಗ್ಬೇಡ."