ಮೂರು ಕಾಲಿನ ನಾಯಿ

ಲೈಬ್ರರಿಯ ಮಕ್ಕಳ ವಿಭಾಗ ನೋಡಿಕೊಳ್ಳುವಾಕೆಗೆ ಗುಡುಗಮ್ಮ ಎಂದು ಹೆಸರಿಟ್ಟವರು ಮಕ್ಕಳೇ. ಸದ್ದು ಮಾಡಬೇಡಿ ಎಂಬ ಬೋರ್ಡಿನ ಕೆಳಗೇ ನಿಂತು ಗಂಟಲು ಹರಿಯುವಂತೆ ಕಥೆ ಹೇಳುವವಳಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು? ಕಥೆಯ ನಡುವೆ ಆಕೆ “ಹುಲಿ ಬಂತು” ಎಂದು ಗುಡುಗಿದರೆ ಮಕ್ಕಳೆಲ್ಲ ಎದ್ದೆನೋ ಬಿದ್ದೆನೋ ಎಂದು ಓಡಿ, ಹರಿದ ಪುಸ್ತಕಗಳನ್ನಿಡುವ ಪಕ್ಕದ ಕೋಣೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು. ಅದು ಅಲ್ಲಿಯ ಆಟ. ಆಚೆ ಕೋಣೆಯಲ್ಲಿ ಪತ್ರಿಕೆ ಓದುವ ಹಿರಿಯರು ಮೊದಮೊದಲು ದೂರು ಕೊಟ್ಟರು, ಆಮೇಲೆ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟರು.

ಆ ಮಕ್ಕಳಲ್ಲಿ ಹೊಸಬಳೊಬ್ಬಳಿದ್ದಳು. ತಾಯಿ ಹೊಲಿಗೆ ಅಂಗಡಿಯ ಕೆಲಸ ಮುಗಿಸಿ ಬರುವವರೆಗೆ ಇಲ್ಲೇ ಇರುತ್ತಿದ್ದಳು. ಗಂಡನ ಏಟು ತಾಳಲಾರದೆ ಊರು ಬಿಟ್ಟು ಬಂದಿದ್ದೇವೆ, ನಾವಿಲ್ಲಿರುವುದು ಅವನಿಗೆ ತಿಳಿಯಬಾರದು ಎಂದು ತಾಯಿ ಮೊದಲ ದಿನವೇ ಹೇಳಿಕೊಂಡಿದ್ದಳು. ಗುಡುಗಮ್ಮ ಹುಡುಗಿಯ ಹೆಸರನ್ನು ಹೊರಗೆ ಎಲ್ಲೂ ಬಿಟ್ಟುಕೊಡಲಿಲ್ಲ. ಆದರೆ ಮಕ್ಕಳು ಬರೆದ ಚಿತ್ರಗಳನ್ನು ಬೀದಿಗೆ ಕಾಣುವಂತೆ ಕಿಟಕಿಗೆ ಅಂಟಿಸುವುದು ಆಕೆಗೆ ಎಲ್ಲಿಲ್ಲದ ಹೆಮ್ಮೆ. ಹುಡುಗಿ ಯಾವಾಗಲೂ ಬರೆಯುತ್ತಿದ್ದದ್ದು ಮೂರು ಕಾಲಿನ ಕಂದು ನಾಯಿ. ಹೆಸರಿಲ್ಲದ ಚಿತ್ರ ತಾನೇ ಎಂದು ಗುಡುಗಮ್ಮ ಅದನ್ನೂ ಅಂಟಿಸಿದಳು. ಅದು ಹುಡುಗಿಯ ಮನೆಯಲ್ಲಿದ್ದ ನಾಯಿ, ಅದರ ನಾಲ್ಕನೆಯ ಕಾಲನ್ನು ಮುರಿದವನು ಅವಳ ಅಪ್ಪನೇ ಎಂದು ಆಕೆಗೇನು ಗೊತ್ತು?

ಊರೂರು ಹುಡುಕಿಕೊಂಡು ಬಂದವನ ಕಣ್ಣಿಗೆ ಆ ನಾಯಿ ಬಿತ್ತು. ಅವನನ್ನು ಅಪ್ಪ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಒಳನುಗ್ಗಿ ಚಿತ್ರವನ್ನು ಕಿತ್ತುಕೊಂಡು, “ಇದನ್ನ ಬರೆದೋಳು ಎಲ್ಲಿ?” ಎಂದ. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

“ಹುಲಿ ಬಂತು,” ಎಂದು ಗುಡುಗಿದಳು ಗುಡುಗಮ್ಮ.

ಮಕ್ಕಳು ಕೇಕೆ ಹಾಕುತ್ತ ಓಡಿದರು. ಒಬ್ಬಳು ಹುಡುಗಿಯ ಕೈಹಿಡಿದು ಎಳೆದುಕೊಂಡೇ ಹೋದಳು. ಚಿಲಕ ಬಿತ್ತು, ಗುಡುಗಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವನು ಅವಳ ಜುಟ್ಟು ಹಿಡಿದು ಕಪಾಟಿಗೆ ಅಪ್ಪಳಿಸಿದ. ರಕ್ತ ಕಣ್ಣಿಗಿಳಿಯಿತು. ಕೈಗೆ ಸಿಕ್ಕ ದಪ್ಪ ನಿಘಂಟಿನಿಂದ ಅವಳು ಅವನ ಮೂಗಿಗೆ ಬಾರಿಸಿದಳು, ಮೂಗು ಮುರಿಯಿತು. ಅವನು ಮಕ್ಕಳ ಕುರ್ಚಿಯೊಂದನ್ನೆತ್ತಿ ಅವಳ ತೋಳಿಗೆ ಬೀಸಿದ. ಮೂಳೆ ಲಟಕ್ಕೆಂದಿತು. ಕೆಳಗೆ ಬಿದ್ದವಳು ಅವನ ಕಾಲನ್ನು ತಬ್ಬಿ ಮೀನಖಂಡಕ್ಕೆ ಹಲ್ಲು ಊರಿದಳು. ಅವನು ಇನ್ನೊಂದು ಕಾಲಿನಿಂದ ಪಕ್ಕೆಗೆ ಒದೆಯುತ್ತಲೇ ಇದ್ದ, ಅವಳು ಬಿಡಲಿಲ್ಲ. ನಡುನಡುವೆ ಕಾಪಾಡಿ ಎಂದು ಕೂಗಿದಳು. ಆಚೆ ಕೋಣೆಯ ಹಿರಿಯರು ಪುಟ ಮಗುಚಿದರು. ಇವತ್ತಿನ ಕಥೆ ಸ್ವಲ್ಪ ಜೋರು ಎಂದುಕೊಂಡರಂತೆ.

ಕೊನೆಗೆ ಪುಸ್ತಕದ ಕಪಾಟೇ ಉರುಳಿದ ಮೇಲೆ ಕಾವಲುಗಾರ ಓಡಿಬಂದ, ಪೊಲೀಸರೂ ಬಂದರು. ಚಿಲಕ ತೆಗೆಯಿರಿ ಎಂದಾಗ ಒಳಗಿನ ಮಕ್ಕಳು, ಹುಲಿ ಹೋಯಿತಾ ಎಂದು ಕೇಳಿದರು.

ಪ್ಲಾಸ್ಟರಿನ ಕೈಯೊಂದಿಗೆ ಗುಡುಗಮ್ಮ ಕೆಲಸಕ್ಕೆ ಮರಳಿದ ದಿನ ತಾಯಿ ಮಗಳು ಹೇಳಿಹೋಗಲು ಬಂದರು. ಅವನು ಜೈಲಿನಿಂದ ಹೊರಗೆ ಬರುವಷ್ಟರಲ್ಲಿ ಇನ್ನೊಂದು ಊರು ಸೇರಬೇಕಿತ್ತು. ತಾಯಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಗುಡುಗಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಹುಡುಗಿಯೆದುರು ಮಂಡಿಯೂರಿ, ತಪ್ಪು ನನ್ನದು, ಆ ಚಿತ್ರ ಅಂಟಿಸಬಾರದಿತ್ತು ಎಂದಳು.

ಹುಡುಗಿ ಖಾಲಿ ಕಿಟಕಿಯನ್ನು ನೋಡಿದಳು. ಸಮಾಧಾನ ಮಾಡುವವಳಂತೆ ಪ್ಲಾಸ್ಟರಿನ ಮೇಲೆ ಕೈಯಿಟ್ಟಳು.

“ಪರವಾಗಿಲ್ಲ ಅತ್ತೆ. ಇನ್ಮೇಲೆ ನಾಯಿಗೆ ನಾಲ್ಕು ಕಾಲು ಬರೀತೀನಿ. ಆಗ ಅಪ್ಪಂಗೆ ಗೊತ್ತಾಗಲ್ಲ.”