ಮೂರನೇ ಮಡುವಿನ ಆಚೆ

ಗೋಕಾಕದ ಫಾಲ್ಸ್ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ತೂಗುಸೇತುವೆಯ ಹತ್ತಿರ ನಿಂತು, ಸುಟ್ಟ ಗೋವಿನಜೋಳದ ತೆನೆ ತಿಂದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅದು ದೊಡ್ಡದು, ಇಲ್ಲವೆನ್ನುವುದಿಲ್ಲ. ಮಳೆಗಾಲದಲ್ಲಿ ಕೆಂಪು ನೀರು ಬೀಳುವಾಗ ಬಾಜೂಕಿದ್ದವರ ಮಾತೂ ಕೇಳಿಸುವುದಿಲ್ಲ. ಆದರೆ ಅದನ್ನು ದೂರ ನಿಂತೇ ನೋಡಬೇಕು. ನಮ್ಮೂರ ಹಿಂದಿನ ಕೊಳ್ಳದ ನೀರು ಹಾಗಲ್ಲ. ಅದರಲ್ಲಿ ಇಳಿಯಬಹುದು, ಈಸಬಹುದು, ತಲೆಯ ಮೇಲೆ ಬೀಳಿಸಿಕೊಳ್ಳಬಹುದು.

ನಮ್ಮೂರು ಇರುವುದು ಗೋಕಾಕ ಮತ್ತು ಯಮಕನಮರಡಿಯ ನಡುವೆ, ಗುಡ್ಡದ ಬುಡದಲ್ಲಿ. ಗುಡ್ಡವನ್ನು ಸೀಳಿಕೊಂಡು ಒಂದು ಹಳ್ಳ ಬರುತ್ತದೆ. ಆ ಸೀಳಿಗೆ ಕೊಳ್ಳ ಅನ್ನುತ್ತೇವೆ. ಅದರೊಳಗೆ ಹಳ್ಳ ಮೆಟ್ಟಿಲು ಇಳಿದಂತೆ ಇಳಿಯುತ್ತದೆ, ಬಿದ್ದ ಕಡೆಯೆಲ್ಲ ಒಂದೊಂದು ಮಡು. ಕೆಳಗಿನಿಂದ ಎಣಿಸಿದರೆ ಮೊದಲನೆಯದು ಎಮ್ಮೆ ಮೈ ತೊಳೆಯುವ ಮಡು. ಎರಡನೆಯದು ಕೌದಿ ಒಗೆಯುವ ಮಡು. ಮೂರನೆಯದಕ್ಕೆ ಹೆಸರಿಲ್ಲ. ಅಲ್ಲಿ ಎರಡೂ ಕಡೆಯ ಬಂಡೆ ಒತ್ತರಿಸಿಕೊಂಡು ಬಂದು, ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟಾಗುತ್ತದೆ. ಕಾಲಿಗೆ ನೆಲ ಸಿಗುವುದಿಲ್ಲ. ಎತ್ತು ಹೂಡಿದ ಎರಡು ಚಕ್ಕಡಿಯಷ್ಟು ಉದ್ದ ಈಸಿಕೊಂಡೇ ಹೋಗಬೇಕು. ಅದರ ಆಚೆ ದೊಡ್ಡ ದಬದಬಿ ಇದೆ. ನೀರು ಮೇಲಿಂದ ಬೀಳುವ ಜಾಗಕ್ಕೆ ನಾವು ದಬದಬಿ ಅನ್ನುತ್ತೇವೆ. ಸಪ್ಪಳವೇ ಅದರ ಹೆಸರು.

ಅದನ್ನು ನಾನು ಮೂರು ಸಲ ನೋಡಿದ್ದೆ. ಮೂರೂ ಸಲ ನನ್ನ ನೆಗೆಣ್ಣಿಯ ಜೊತೆ, ಅಂದರೆ ನನ್ನ ಮೈದುನನ ಹೆಂಡತಿಯ ಜೊತೆ. ಇಕ್ಕಟ್ಟಿನೊಳಗೆ ಒಬ್ಬರೇ ಹೋಗುವುದಿಲ್ಲ, ಜೋಡಿ ಬೇಕು. ಗಂಡಸರ ಜೊತೆ ಈಸುವುದು ನಮ್ಮಲ್ಲಿಲ್ಲ. ನೆಗೆಣ್ಣಿ ಸತ್ತಳು. ಮನೆಮನೆಗೆ ನಳ ಬಂದ ಮೇಲೆ ಊರಿನ ಹುಡುಗಿಯರು ಈಸು ಕಲಿಯುವುದನ್ನೂ ಬಿಟ್ಟರು. ಹೀಗೆ ಮೂವತ್ತು ವರ್ಷ ಹೋದವು.

ಈಗ ಮೊಣಕಾಲು ಹೋಗುತ್ತಿವೆ. ಹೋದ ವರ್ಷ ಎರಡನೇ ಮಡುವಿಗೆ ಹತ್ತುವಷ್ಟರಲ್ಲಿ ನಾಲ್ಕು ಸಲ ಕೂತೆ. ಈ ವರ್ಷ ಆಗಲಿಲ್ಲವೆಂದರೆ ಮುಂದೆ ಆಗುವುದಿಲ್ಲ ಎಂದು ಗೊತ್ತಿತ್ತು. ಇದು ಸಾಯುವ ಮಾತಲ್ಲ, ಅದಕ್ಕೆ ಇನ್ನೂ ಟೈಮಿದೆ. ಹತ್ತುವ ಮಾತು. ಇನ್ನೊಂದು ಸಲ ಆ ದಬದಬಿಯನ್ನು ನೋಡಬೇಕಿತ್ತು, ಅಷ್ಟೇ.

ನವರಾತ್ರಿಗೆ ಘಟ ಹಾಕುವ ಮೊದಲು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವುದು ನಮ್ಮ ಕಡೆಯ ಪದ್ಧತಿ. ಹಳೆಯ ಸೀರೆಗಳನ್ನು ಪದರ ಪದರ ಹಾಕಿ ಹೊಲಿದ ಕೌದಿಯನ್ನು ಒಣಗಿದ್ದಾಗ ಒಬ್ಬಳೇ ಎತ್ತಬಹುದು. ನೀರು ಕುಡಿದರೆ ಇಬ್ಬರಿಗೂ ಜಗ್ಗುವುದಿಲ್ಲ. ಮೆಷಿನ್ನಿಗೆ ಹಾಕಿದರೆ ಮೆಷಿನ್ನೇ ನಿಲ್ಲುತ್ತದೆ. ಅದಕ್ಕೇ ಈಗಲೂ ಕೊಳ್ಳಕ್ಕೆ ಹೋಗುತ್ತೇವೆ. ಈ ಸಲ ಹೋದವರು ಮೂವರು: ನಾನು, ನನ್ನ ಸೊಸೆ, ಬಾಜೂ ಮನೆಯವಳು. ಮಗ ತನ್ನ ಮೂರು ಗಾಲಿಯ ಟಂಟಂನಲ್ಲಿ ಕೌದಿ ಹೇರಿಕೊಂಡು ಬಂದು ಎಮ್ಮೆ ಮಡುವಿನ ಹತ್ತಿರ ಇಳಿಸಿ ಹೋದ. ಅಲ್ಲಿಂದ ತಲೆಯ ಮೇಲೆ ಹೊತ್ತು ಹತ್ತಬೇಕು.

ಆ ದಾರಿಯನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಬಂಡೆಗಳು ರೊಟ್ಟಿ ಒಟ್ಟಿದಂತೆ ಒಂದರ ಮೇಲೊಂದು ಕೂತಿವೆ. ಅಂಚು ಅಷ್ಟು ನೆಟ್ಟಗೆ ಗೋಡೆ ಕಟ್ಟುವ ಯಾವ ಗೌಂಡಿಗೂ ಕೂರಿಸಲು ಬರುವುದಿಲ್ಲ. ಕೆಲವು ಕಲ್ಲಿನ ಮೈಮೇಲೆ ನೀರಿನ ಅಲೆ ಹಾಗೇ ಗಟ್ಟಿಯಾದಂತೆ ಗೆರೆಗಳಿವೆ. ಬರಿಗಾಲಲ್ಲಿ ಹತ್ತುವವರಿಗೆ ಅದೇ ಹಿಡಿತ. ಮೇಲಿನ ಸಂದಿಯಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಅದರ ಕೆಳಗೆ ಕಾಡುಪಾರಿವಾಳ ಕೂತಿರುತ್ತವೆ, ಒಂದಕ್ಕೊಂದು ತಂಟೆಯಿಲ್ಲ. ಎರಡನೇ ಮಡುವಿನ ನೀರು ಹದಿನೈದು ದಿನದ ಹಿಂದೆ ಚಹಾದಂತಿತ್ತು. ಈಗ ತಿಳಿಯಾಗಿ ತಳದ ಕಲ್ಲು ಎಣಿಸುವಂತಾಗಿತ್ತು. ಕಾಲಿಟ್ಟ ಕೂಡಲೇ ಸಣ್ಣ ಮೀನು ಬಂದು ಹಿಮ್ಮಡಿ ಕಚ್ಚತೊಡಗಿದವು.

ಹನ್ನೊಂದರ ಹೊತ್ತಿಗೆ ಹೆಚ್ಚಿನ ಕೌದಿಗಳನ್ನು ತುಳಿದು, ಹಿಂಡಿ, ಕಾದ ಬಂಡೆಯ ಮೇಲೆ ಹಾಸಿದ್ದೆವು. ನಾನು ಕೂತು ಮೂರನೇ ಮಡುವಿನ ಕಡೆ ನೋಡುತ್ತಿದ್ದೆ. ಬಾಜೂ ಮನೆಯವಳ ಕಣ್ಣಿಗೆ ಅದು ಬಿತ್ತು.

“ಏನಬೇ ಯಕ್ಕಾ, ಆ ಕಡೇನ ಕಣ್ಣ ನೆಟ್ಟಿ. ನಿನ್ನ ತವರಮನಿ ಐತೇನ ಅಲ್ಲಿ?”

“ದಬದಬಿ ಐತಿ. ಒಮ್ಮಿ ನೋಡಿ ಬರಬೇಕಾಗಿತ್ತು.”

“ಇಲ್ಲಿ ತನಕಾ ಬರೂದರಾಗ ಉಸ್ಸ ಉಸ್ಸ ಅಂದಿ. ಇನ್ನ ಈಸಿ ಹೋಗಾಕಿ.”

“ಈಸಾಕ ಮೊಣಕಾಲ ಬೇಕಾಗಿಲ್ಲ, ಜೋಡಿ ಬೇಕು. ನೀ ಬರತೀಯೇನ?”

“ನಾ ಬಂದ್ರ ನಾಳೆ ನಮ್ಮಿಬ್ಬರ ಫೋಟೋಕ್ಕೂ ಹಾರ ಹಾಕತಾರ.”

ಸೊಸೆ ಒಂದು ಕೌದಿಯ ತುದಿಯನ್ನು ಕಲ್ಲಿಗೆ ಸಿಕ್ಕಿಸಿ ಹಿಂಡುತ್ತಿದ್ದಳು. ತಲೆ ಎತ್ತದೆ ಅಂದಳು: “ನಾ ಬರತೀನ್ರಿ ಅತ್ತಿ.”

“ನಿನಗ ಎಲ್ಲಿ ಈಸಾಕ ಬರತೈತಿ?”

“ಬರತೈತ್ರಿ.”

ಅವಳು ಮೂಡಲಗಿ ಕಡೆಯವಳು. ಅಲ್ಲಿ ಕರಿ ಮಣ್ಣು, ಕಾಲುವೆ, ಕಬ್ಬು. ಕಲ್ಲು ಅಂದರೆ ಬಟ್ಟೆ ಒಗೆಯುವ ಕಲ್ಲು ಅಷ್ಟೇ. ಮದುವೆಯಾಗಿ ಹನ್ನೊಂದು ವರ್ಷ, ಪ್ರತಿ ವರ್ಷ ನಮ್ಮ ಜೊತೆ ಕೊಳ್ಳಕ್ಕೆ ಬಂದಿದ್ದಾಳೆ. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದದ್ದನ್ನು ನಾನು ಕಂಡಿರಲಿಲ್ಲ. ನೀರಿಗೆ ಹೆದರುವವಳು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ.

“ಎಲ್ಲಿ ಕಲತಿ?”

“ನಮ್ಮಪ್ಪನ ತ್ವಾಟದ ಬಾವ್ಯಾಗ. ಬೆನ್ನಿಗೆ ಡಬ್ಬಿ ಕಟ್ಟಿ ಒಗೀತಿದ್ದ. ಮೂರೂ ಮಂದಿ ಅಕ್ಕತಂಗೇರು ಕಲತೇವಿ.”

“ಮತ್ತ ಹನ್ನೊಂದ ವರ್ಷ ದಂಡಿ ಮ್ಯಾಲ ಯಾಕ ಕುಂತಿ?”

“ನೀವ ಹೇಳಿದ್ರೆಲ್ಲರಿ ಮೊದಲನೇ ವರ್ಷ, ನಮ್ಮ ಮನಿ ಸೊಸಿ ನೀರಾಗ ಇಳೀಬಾರದು ಅಂತ.”

ಬಾಜೂ ಮನೆಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಅಂದದ್ದು ಖರೆ. ಆಗ ಅವಳಿಗೆ ಮೂರು ತಿಂಗಳು. ಬಸುರಿ ಎಲ್ಲಿಯಾದರೂ ಜಾರಿ ಬಿದ್ದಾಳೆಂದು ಹೇಳಿದ ಮಾತು. ಬಾಯಿ ಜೋರಿದ್ದವರು ಹೇಳಿದ್ದು ಮನೆಯ ಕಾಯ್ದೆ ಆಗಿಬಿಡುತ್ತದೆ. ಅವಳು ತಿರುಗಿ ಕೇಳಲಿಲ್ಲ, ನಾನು ಬಿಡಿಸಿ ಹೇಳಲಿಲ್ಲ.

“ಅದು ಆವತ್ತಿಗೆ ಅಷ್ಟ ಹೇಳಿದ್ದು,” ಅಂದೆ.

ಅವಳು ಕೌದಿ ಕೆಳಗಿಟ್ಟಳು. “ಮತ್ತ ಏನೇನ ಆವತ್ತಿಗೆ ಅಷ್ಟ ಹೇಳೀರಿ, ಒಮ್ಮಿ ಹೇಳಿಬಿಡ್ರಿ.”

ಸ್ವಲ್ಪ ಯೋಚನೆ ಮಾಡಿದೆ. “ಸಂತಿಗೆ ಒಬ್ಬಾಕಿನ ಹೋಗಬ್ಯಾಡ ಅಂದಿದ್ದೆ. ಅದನ್ನೂ ಬಿಡು.”

“ಅದನ್ನ ನಾ ಕೇಳಿದ್ದ ಇಲ್ಲ ತಗೋರಿ.”

ಸೀರೆಯನ್ನು ಕಚ್ಚೆ ಹಾಕಿ, ಬಳೆಗಳನ್ನು ಮೇಲಕ್ಕೆ ಏರಿಸಿ, ಬಂಡೆಯ ತುದಿಯಿಂದ ಕೌದಿ ಮಡುವಿಗೆ ಇಳಿದಳು. ಧುಮುಕಲಿಲ್ಲ. ಎಮ್ಮೆ ಇಳಿದಂತೆ ಸಪ್ಪಳವಿಲ್ಲದೆ ಇಳಿದಳು. ಆಚೆ ದಂಡೆ ಮುಟ್ಟಿ, ತಿರುಗಿ, ಅಂಗಾತ ಈಸಿಕೊಂಡು ಬಂದಳು. ಮುಖದ ಮೇಲೆ ಒಂದು ಹನಿ ಹಾರಲಿಲ್ಲ. ನಾನು ಒಳ್ಳೆಯ ಈಸು ಕಂಡವಳು. ನನ್ನ ನೆಗೆಣ್ಣಿ ಚೆನ್ನಾಗಿ ಈಸುತ್ತಿದ್ದಳು. ಇವಳು ಅವಳಿಗಿಂತ ಚೆನ್ನಾಗಿ ಈಸುತ್ತಾಳೆ. ಸತ್ತವಳೆಂದು ಸುಳ್ಳು ಹೇಳುವುದು ಯಾಕೆ.

ಕುಡಿಯುವ ನೀರು ತಂದಿದ್ದ ಐದು ಲೀಟರಿನ ಎಣ್ಣೆ ಡಬ್ಬಿಯನ್ನು ಬರಿದು ಮಾಡಿ, ಮುಚ್ಚಳ ಬಿಗಿದು, ಕೌದಿ ಕಟ್ಟಿದ್ದ ಹಗ್ಗ ತೆಗೆದುಕೊಂಡು ನನ್ನ ಹತ್ತಿರ ಬಂದಳು.

“ತಿರಗರಿ.”

“ಡಬ್ಬಿ ಕಟಗೊಂಡು ಈಸಾಕ ನಾ ಏನ ಸಾಲಿ ಹುಡುಗೇನ?”

“ಡಬ್ಬಿ ಇಲ್ಲಂದ್ರ ನಾ ಬರೂದಿಲ್ರಿ.”

“ನೋಡ ಯಕ್ಕಾ, ಈಗ ಇಕಿ ಕಾಯ್ದೆ ಸುರು ಆತು,” ಅಂದಳು ಬಾಜೂ ಮನೆಯವಳು.

ತಿರುಗಿ ನಿಂತೆ.

ಮೂರನೇ ಮಡುವಿಗೆ ಹೋಗಲು ಎದೆಯೆತ್ತರದ ಒಂದು ಬಂಡೆ ಹತ್ತಬೇಕು. ಅವಳು ಹಿಂದಿನಿಂದ ಹೆಗಲು ಕೊಟ್ಟು, ಜೋಳದ ಚೀಲ ಏರಿಸಿದಂತೆ ನನ್ನನ್ನು ಏರಿಸಿದಳು. ನೀರಿಗೆ ಇಳಿದಾಗ ಮೊದಲು ಉಸಿರು ಹಿಡಿದುಕೊಂಡಿತು, ಅಷ್ಟು ತಣ್ಣಗಿತ್ತು. ಆಮೇಲೆ ನೋಡಿದರೆ ಮೊಣಕಾಲು ನೋಯುತ್ತಲೇ ಇಲ್ಲ. ನನ್ನ ಭಾರವನ್ನೆಲ್ಲ ಹಳ್ಳವೇ ಹೊತ್ತುಕೊಂಡಿತ್ತು. ಎರಡೂ ಕಡೆ ಕಪ್ಪಗೆ ಒದ್ದೆ ಗೋಡೆ, ಮೇಲೆ ಆಕಾಶ ಸೀರೆಯ ಅಂಚಿನಷ್ಟು. ಮುಂದೆ ಎಲ್ಲೋ ಸಪ್ಪಳ, ಅದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ.

ಅರ್ಧಕ್ಕೆ ಬಂದಾಗ ತೋಳು ಸೋತವು. ಗೋಡೆಯ ಒಂದು ಸಂದಿ ಹಿಡಿದುಕೊಂಡು ನಿಂತೆ.

“ನಿಂತ್ರ ನೀರ ಹಿಂದಕ ದೂಡತೈತ್ರಿ. ಕೈ ಬೀಸ್ರಿ.”

“ಬೀಸಾಕತ್ತೇನಿ, ಇದ ಮೊದಲಿನಂಗ ಇಲ್ಲ, ಜಗ್ಗ ಸೆಳವ ಐತಿ, ಆವಾಗ ನಾವು...”

“ಇಲ್ರಿ, ನೀವು ಮಾತಾಡಾಕತ್ತೀರಿ.”

ಬಾಯಿ ಮುಚ್ಚಿದೆ. ಅವಳು ನನ್ನ ಡಬ್ಬಿಗೆ ಕಟ್ಟಿದ್ದ ಹಗ್ಗದ ಉಳಿದ ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ಮುಂದೆ ಹೋದಳು. ನಾನು ಕೈ ಬೀಸಿದೆ, ಅವಳು ಎಳೆದಳು. ಯಾರದು ಎಷ್ಟು ಎಂದು ಹೇಳಲು ಬರುವುದಿಲ್ಲ. ಹೆಚ್ಚಿನದು ಅವಳದೇ ಇರಬೇಕು.

ಇಕ್ಕಟ್ಟು ಮುಗಿದ ಕೂಡಲೇ ಬಾವಿಯಂತೆ ದುಂಡಗಿನ ಜಾಗ. ಎದುರಿಗೇ ದಬದಬಿ. ನೆನಪಿನಲ್ಲಿ ನಾನೇ ಅದನ್ನು ದೊಡ್ಡದು ಮಾಡಿಕೊಂಡಿರಬೇಕು ಎಂದು ನನಗೆ ಅನುಮಾನವಿತ್ತು. ಇಲ್ಲ, ಅಷ್ಟೇ ದೊಡ್ಡದಿತ್ತು. ಎರಡು ಬೇವಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಮೇಲಿಂದ ಒಂದೇ ಧಾರೆಯಾಗಿ ಬಂದು, ನಡುವೆ ಚಾಚಿದ ಚಪ್ಪಟೆ ಕಲ್ಲಿಗೆ ಬಡಿದು, ಮೊರದಂತೆ ಅಗಲವಾಗಿ ಬೀಳುತ್ತದೆ. ಬೀಳುವ ನೀರಿನ ಹಿಂದೆ ಒಂದು ಒಣ ಕಟ್ಟೆ ಇದೆ. ಅಲ್ಲಿ ಹೋಗಿ ಕೂತೆ. ಒಳಗಿನಿಂದ ನೋಡಿದರೆ ಬಿಸಿಲು ನೀರಿನಲ್ಲಿ ಸೋಸಿಕೊಂಡು ಬಂದು ಬಂಡೆಯ ಮೇಲೆ ನಡುಗುತ್ತದೆ. ಇದಕ್ಕಿಂತ ಚಂದದ್ದನ್ನು ನಾನು ಹುಕ್ಕೇರಿ ತಾಲೂಕಿನಲ್ಲಾಗಲಿ ಗೋಕಾಕ ತಾಲೂಕಿನಲ್ಲಾಗಲಿ ನೋಡಿಲ್ಲ. ಅವನ್ನು ಬಿಟ್ಟು ಬೇರೆ ಕಡೆ ಹೆಚ್ಚು ಹೋಗಿಯೂ ಇಲ್ಲ. ಅಳು ಗಿಳು ಬರಲಿಲ್ಲ. ಚಳಿ ಬಂತು. ಆದರೂ ಏಳಲಿಲ್ಲ, ಕಣ್ಣು ತುಂಬ ನೋಡಿದೆ.

ಸೊಸೆ ನೀರಿನ ಕೆಳಗೆ ಬೆನ್ನು ಕೊಟ್ಟು ನಿಂತಿದ್ದಳು. ಏನೋ ಕೂಗಿದಳು, ಕೇಳಿಸಲಿಲ್ಲ. ಆಮೇಲೆ ಬಲಗಡೆಯ ಕಲ್ಲಿನ ಹಿಂದೆ ಹೋದಳು. ನಾನು ಮುಖ ಆಚೆ ತಿರುಗಿಸಿಕೊಂಡೆ. ಅವಳು ಬರಲು ಹೊತ್ತಾಯಿತು. ಬಂದವಳು ನನ್ನ ತುಟಿ ನೋಡಿ, ಸಾಕು ಏಳ್ರಿ ಎಂದು ಕೈ ಮಾಡಿದಳು.

ವಾಪಸು ಬರುವಾಗ ಸೆಳವೇ ನಮ್ಮನ್ನು ತಂದು ಬಿಟ್ಟಿತು. ಕೌದಿಗಳ ನಡುವೆ ಬಿಸಿ ಬಂಡೆಯ ಮೇಲೆ ನಾನೂ ಒಣಗಲು ಮಲಗಿದೆ. ಬಾಜೂ ಮನೆಯವಳು ತಲೆಯ ಹತ್ತಿರ ಬಂದು ಕೂತಳು.

“ಹೆಂಗೈತಿ?”

“ಇದ್ದಲ್ಲೇ ಐತಿ.”

“ಇಷ್ಟ ಹೇಳಾಕ ಅಲ್ಲಿ ತನಕಾ ಹೋಗಿದ್ದೇನ?”

ಸೊಸೆ ಕೂದಲು ಹಿಂಡುತ್ತಾ ಅಂದಳು: “ಮ್ಯಾಲ ಇನ್ನೊಂದ ಐತ್ರಿ.”

“ಅದರ ಮ್ಯಾಲ ಏನೂ ಇಲ್ಲ,” ಅಂದೆ.

“ಐತ್ರಿ. ನಾ ಕಲ್ಲ ಹತ್ತಿ ನೋಡಿ ಬಂದ್ನಿ.”

“ಕಲ್ಲಿನ ಹಿಂದ ಹೋಗಿದ್ದು ಅದಕ್ಕೇನ? ನಾ ಬ್ಯಾರೇ ತಿಳದಿದ್ದೆ.”

ಎದ್ದು ಕೂತು ಎಲ್ಲಾ ಹೇಳಿಸಿದೆ. ಆ ದಬದಬಿ ನಮ್ಮದಕ್ಕಿಂತ ಸಣ್ಣದಂತೆ, ಆದರೆ ಮಡು ದೊಡ್ಡದಂತೆ. ತಳದಲ್ಲಿ ಕಲ್ಲಲ್ಲ, ಬಿಳಿ ಉಸುಕು. ಮೂರು ಕಡೆ ಬಂಡೆ, ಮನುಷ್ಯರ ಹೆಜ್ಜೆ ಒಂದೂ ಇಲ್ಲ. ಎಲ್ಲಿ ಕಾಲಿಟ್ಟು ಹತ್ತಿದೆ ಎಂದು ಕೇಳಿದೆ, ಕೈಯಿಂದ ತೋರಿಸಿದಳು. ಮೊಣಕಾಲು ಗಟ್ಟಿ ಇದ್ದಾಗ ಮೂರು ಸಲ ಹೋಗಿಯೂ ನಾನು ಆ ಕಡೆ ತಲೆ ಎತ್ತಿ ನೋಡಿರಲಿಲ್ಲ. ನನ್ನ ಪಾಲಿಗೆ ಅದು ಇನ್ನು ಇಲ್ಲ.

ಮಗನ ಟಂಟಂ ಸಪ್ಪಳ ಕೆಳಗೆ ಕೇಳಿಸಿತು. ಕಡೆಗೆ ಒಗೆದ ಕೌದಿಗಳು ಇನ್ನೂ ಅರ್ಧ ಹಸಿಯಿದ್ದವು. ಅವನ್ನು ನಾನೂ ಸೊಸೆಯೂ ಎರಡು ತುದಿ ಹಿಡಿದು ಮಡಚುವಾಗ, ಮೇಲಿನ ದಬದಬಿಯದನ್ನು ಮತ್ತೊಂದು ಸಲ ಹೇಳು ಅಂದೆ. ಎರಡನೇ ಸಲ ಹೇಳುವಾಗ, ಉಸುಕಿನ ಮೇಲೆ ಕೊಕ್ಕರೆಯ ಹೆಜ್ಜೆ ಸಾಲಾಗಿ ನೀರಿನವರೆಗೂ ಹೋಗಿದ್ದವು ಎಂಬುದನ್ನೂ ಸೇರಿಸಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಬೈದೆ.